ನಾಲ್ಕನೆಯ ಮನೆಯ ಅಕ್ಷರ

ಇಂಗ್ಲಿಷ್ ಮಾಸ್ತರನಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಜನರ ನಂಬಿಕೆ. ಆ ನಂಬಿಕೆಯ ಮೇಲೆ ನಾನು ಇಪ್ಪತ್ತೆರಡು ವರ್ಷದಿಂದ ಊಟ ಮಾಡುತ್ತಿದ್ದೇನೆ. ಭಾಗ್ಯನಗರದ ನಮ್ಮ ಓಣಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ನನ್ನ ಮುಂದೆ ಹಿಡಿಯುತ್ತಾರೆ. ನಾನು ಕನ್ನಡಕ ಏರಿಸಿ, ಹುಬ್ಬು ಗಂಟಿಕ್ಕಿ, "ನಾಳೆ ಹೇಳ್ತೀನಿ, ಬಿಟ್ಟು ಹೋಗ್ರಿ" ಎನ್ನುತ್ತೇನೆ. ಮರುದಿನದೊಳಗೆ ಡಿಕ್ಷನರಿ ತನ್ನ ಕೆಲಸ ಮಾಡಿರುತ್ತದೆ. ಇದು ಗೊತ್ತಿರುವವಳು ನನ್ನ ಹೆಂಡತಿ ಒಬ್ಬಳೇ. ಅವಳು ಈವರೆಗೆ ಯಾರಿಗೂ ಹೇಳಿಲ್ಲ, ಅದು ಅವಳ ದೊಡ್ಡಸ್ತಿಕೆ.

ಇಂಥವನಿಗೆ ಐದಕ್ಷರದ ಆಟದ ಹುಚ್ಚು ಹಿಡಿಸಿದವನು ಗಂಗಾವತಿಯ ನನ್ನ ಷಡ್ಡಕ. ಮದುವೆಯೊಂದರ ಪಂಕ್ತಿಯಲ್ಲಿ ಕೂತು, ಹೋಳಿಗೆ ಬರುವ ತನಕ ಫೋನಿನಲ್ಲಿ ಇಂಗ್ಲಿಷ್ ಪದ ಹುಡುಕುತ್ತಿದ್ದ. ಐದು ಮನೆ, ಐದು ಅಕ್ಷರ, ಆರು ಅವಕಾಶ. ಒಂದು ಪದ ಹೇಳಿದರೆ ಅದರ ಯಾವ ಅಕ್ಷರ ಸರಿ, ಯಾವುದು ತಪ್ಪು ಎಂದು ತಿಳಿಯುತ್ತದೆ, ಅದನ್ನು ಹಿಡಿದು ಮುಂದಿನ ಪದ. ಅಕ್ಕಿ ವ್ಯಾಪಾರದ ಮನುಷ್ಯ ಮೂರೇ ಅವಕಾಶದಲ್ಲಿ ಗೆದ್ದು ನನ್ನ ಮುಖ ನೋಡಿದ. ಆ ನೋಟಕ್ಕೆ ನನ್ನ ಹೋಳಿಗೆ ಸಪ್ಪಗಾಯಿತು.

ಕುಕನೂರಿನ ಕಡೆಯ ನಮ್ಮ ಹೈಸ್ಕೂಲಿಗೆ ಆ ಆಟವನ್ನು ನಾನೇ ತಂದೆ. ಪ್ರತಿ ಶುಕ್ರವಾರ ಒಂಬತ್ತನೆಯ ತರಗತಿಯವರು ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಬೋರ್ಡಿನ ಮೇಲೆ ಐದು ಮನೆ ಬರೆಯಬೇಕು. ಊಟದ ಗಂಟೆಯೊಳಗೆ ನಾನು ಅದನ್ನು ಹೇಳಬೇಕು. ಸೋತರೆ ಒಂದು ವಾರ ನಾನು ಹಿಂದಿನ ಬೆಂಚು, ನನ್ನ ಕುರ್ಚಿ ಅವರಿಗೆ. ಈ ಪಂಥವನ್ನು ಕಟ್ಟಿದವನೂ ನಾನೇ, ಯಾರೂ ಕೇಳಿರಲಿಲ್ಲ. ಹನ್ನೊಂದು ವಾರ ಗೆದ್ದೆ. ಹನ್ನೆರಡನೆಯ ವಾರದ ಹೊತ್ತಿಗೆ ನನ್ನ ನಡಿಗೆಯೇ ಬದಲಾಗಿತ್ತು ಎಂದು ಗಣಿತದ ಮೇಷ್ಟ್ರು ಈಗಲೂ ಆಡಿಕೊಳ್ಳುತ್ತಾರೆ.

ಆ ಶುಕ್ರವಾರ ಎರಡೇ ಅವಕಾಶದಲ್ಲಿ ನಾಲ್ಕು ಅಕ್ಷರ ಸಿಕ್ಕವು. ಮೊದಲು ಎಸ್, ಟಿ, ಓ, ಕೊನೆಗೆ ಇ. ನಾಲ್ಕನೆಯ ಮನೆ ಮಾತ್ರ ಖಾಲಿ. ಇನ್ನೇನು, ಕುರ್ಚಿ ಗಟ್ಟಿ ಎಂದುಕೊಂಡು ಸ್ಟೋನ್ ಎಂದೆ. ಅಲ್ಲವಂತೆ. ಸ್ಟೋರ್ ಎಂದೆ. ಅದೂ ಅಲ್ಲ. ಸ್ಟೋಲ್ ಎಂದೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಉಳಿದದ್ದು ಒಂದೇ ಅವಕಾಶ. ತರಗತಿಯ ಮುಂದಾಳು ಸಾವಿತ್ರಿ ನನ್ನ ಕುರ್ಚಿಯ ಧೂಳನ್ನು ಆಗಲೇ ಒರೆಸತೊಡಗಿದಳು. "ಸುಮ್ಮನ ಸ್ವಚ್ಛ ಮಾಡಾಕತ್ತೀನ್ರಿ ಸರ್ರ" ಎಂದಳು. ನನಗೆ ಹೊಳೆದದ್ದು ಸ್ಟೋಕ್ ಒಂದೇ. ಬೆಂಕಿಗೆ ಕಟ್ಟಿಗೆ ಒಟ್ಟಿ ಉರಿ ಹೆಚ್ಚಿಸುವುದು ಎಂದು ಅರ್ಥ. ಆ ಪದವನ್ನು ನಾನು ಬಿ.ಎ. ಪರೀಕ್ಷೆಯಲ್ಲಿ ಬಿಟ್ಟರೆ ಬದುಕಿನಲ್ಲಿ ಎಲ್ಲೂ ಬಳಸಿಲ್ಲ. ಈ ಮಕ್ಕಳಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ಅಷ್ಟರಲ್ಲಿ ಅಡುಗೆ ಕೋಣೆಯಿಂದ ಕರೆ ಬಂತು. ನಮ್ಮಲ್ಲಿ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕು. ಆ ವರ್ಷ ಬಿಸಿಯೂಟದ ಉಸ್ತುವಾರಿ ನನ್ನದು. ಅಡುಗೆಯ ಹನುಮವ್ವ ಚಮಚದಲ್ಲಿ ಸಾಂಬಾರು ಕೊಟ್ಟಳು. ನಾನು ನಾಲ್ಕನೆಯ ಮನೆಯನ್ನೇ ನೆನೆಯುತ್ತ ನುಂಗಿ, "ಭಾಳ ಛಲೋ ಆಗೇತಿ" ಎಂದು ಸಹಿ ಹಾಕಿದೆ.

"ಇನ್ನಾ ಉಪ್ಪ ಹಾಕಿಲ್ರಿ ಸರ್ರ" ಎಂದಳು ಹನುಮವ್ವ. "ಏನ್ ಅಂಥಾ ಚಿಂತಿ?"

ಹೇಳಿಕೊಂಡೆ. ಒಂದು ಅಕ್ಷರಕ್ಕಾಗಿ ಕುರ್ಚಿ ಹೋಗುತ್ತದೆ, ಮಕ್ಕಳ ಮುಂದೆ ಮರ್ಯಾದೆ ಹೋಗುತ್ತದೆ ಎಂದೆ. ಅವಳು ಸೌಟನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ನಿಮಗ ನಿಮ್ಮ ಚಿಂತಿ, ನನಗ ನನ್ನ ಚಿಂತಿ. ಹದಿನೈದ ದಿನಾ ಆತು, ಸ್ಟೋವ್ ಕೆಟ್ಟೈತಿ, ಸ್ಟೋವ್ ಕೆಟ್ಟೈತಿ ಅಂತ ಹೊಯ್ಕೊಳ್ಳಾಕತ್ತೀನಿ. ಒಂದ ಸ್ಟೋವ್ ಮ್ಯಾಲ ಅನ್ನಾನೂ ಆಗಬೇಕು, ಸಾಂಬಾರೂ ಆಗಬೇಕು. ಸ್ಟೋವ್ ರೀ ಸರ್ರ, ಸ್ಟೋವ್!"

ಎರಡು ದೊಡ್ಡ ಸ್ಟೋವ್‌ಗಳ ಮುಂದೆಯೇ ನಾನು ನಿಂತಿದ್ದೆ. ಒಂದು ಉರಿಯುತ್ತಿತ್ತು, ಇನ್ನೊಂದು ಸುಮ್ಮನೆ ಕೂತಿತ್ತು. ಚಮಚ ಹಿಡಿದುಕೊಂಡೇ ತರಗತಿಗೆ ಓಡಿ, ನಾಲ್ಕನೆಯ ಮನೆಯಲ್ಲಿ 'ವಿ' ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುವಾಗ ಸಾವಿತ್ರಿ ಎದ್ದು ನಿಂತಳು.

"ಈ ಸಲದ ಪದ ನಾವು ಆರಿಸಿದ್ದಲ್ರಿ ಸರ್ರ. ಹನುಮವ್ವ ಹೇಳಿದ್ರಿ. 'ನಾ ಹೇಳಿದ್ದು ನಿಮ್ಮ ಸರ್ರ ಕಿವಿಗೆ ಬೀಳವಲ್ದು, ಬೋರ್ಡಿನ ಮ್ಯಾಲ ಬರದ್ರರ ಓದ್ತಾರೇನ ನೋಡೋಣು' ಅಂದ್ರಿ."

ತರಗತಿಗೆ ತರಗತಿಯೇ ನಕ್ಕಿತು. ನನಗೆ ನಗು ಬರಲಿಲ್ಲ. ಆ ಹದಿನೈದು ದಿನ ಊಟ ತಡವಾಗುತ್ತಿದೆ ಎಂದು ಹನುಮವ್ವನ ಮೇಲೆ ಗೊಣಗಿದವನು ನಾನೇ. ಹಸಿದು ಸಾಲಿನಲ್ಲಿ ನಿಂತ ಮಕ್ಕಳಿಗೆ ಗದ್ದಲ ಮಾಡಬೇಡಿ ಎಂದು ಗದರಿಸಿದವನೂ ನಾನೇ.

ಸಂಜೆ ಆ ಸ್ಟೋವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಕನೂರಿಗೆ ಒಯ್ದು ರಿಪೇರಿ ಮಾಡಿಸಿದೆ. ಪ್ಯಾಂಟಿಗೆ ಹತ್ತಿದ ಮಸಿ ಇನ್ನೂ ಹೋಗಿಲ್ಲ. ಮರುದಿನ ಹನುಮವ್ವನಿಗೆ ಕೇಳಿದೆ: "ನಾ ಸೋತಿದ್ರ ನಿನ್ನ ಸಿಟ್ಟರ ತೀರ್ತಿತ್ತು. ಕಡೀ ಗಳಿಗ್ಯಾಗ ಯಾಕ ಉಳಿಸಿದಿ?" ಅವಳು ಎರಡನೆಯ ಸ್ಟೋವ್ ಹಚ್ಚುತ್ತ, "ಸ್ಟೋವ್ ಕೆಟ್ರ ಅನ್ನ ತಡಾ ಆಗ್ತೈತ್ರಿ, ಅಷ್ಟ. ನೀವು ಹಿಂದಿನ ಬೆಂಚಿಗೆ ಹೋದ್ರ ಹುಡುಗರಿಗೆ ಕಲಿಸವ್ರು ಯಾರು?" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಾಠದ ಬಗ್ಗೆ ಇಂಥ ಮಾತನ್ನು ಸಾಹೇಬರು ಯಾರೂ ಆಡಿಲ್ಲ. ಹನುಮವ್ವನ ಋಣ ನನ್ನ ಮೇಲಿದೆ. ಅದನ್ನು ಅವಳೆದುರು ಹೇಳಲು ನಾಚಿಕೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈಗ ನಾನು ಪ್ರತಿ ಗುರುವಾರವೇ ಅಡುಗೆ ಕೋಣೆಗೆ ಹೋಗಿ, "ಏನರ ಕೆಟ್ಟೈತೇನ ಹನುಮವ್ವ?" ಎಂದು ವಿಚಾರಿಸುತ್ತೇನೆ. ಕಾಳಜಿ ಅರ್ಧ, ಮರುದಿನದ ಪದದ ಸುಳಿವಿನ ಆಸೆ ಅರ್ಧ. ಮೊನ್ನೆಯೂ ಕೇಳಿದೆ. "ಎಲ್ಲಾ ಬರೋಬರಿ ಐತ್ರಿ" ಎಂದು ಚಮಚ ಮುಂದೆ ಹಿಡಿದಳು. ಏನೂ ಕೆಡದಿದ್ದರೆ ನಾಳೆಯ ಪದ ಯಾವುದಿರಬಹುದು ಎಂದು ಲೆಕ್ಕ ಹಾಕುತ್ತ ನುಂಗಿ, "ಛಲೋ ಆಗೇತಿ" ಎಂದೆ.

ಹನುಮವ್ವ ಇನ್ನೂ ಒಡೆಯದ ಉಪ್ಪಿನ ಪಾಕೀಟನ್ನು ಎತ್ತಿ ತೋರಿಸಿದಳು.

"ಕೆಟ್ಟಿದ್ದು ಒಂದ ಐತ್ರಿ ಸರ್ರ. ಅದು ಕುಕನೂರಾಗ ರಿಪೇರಿ ಆಗಂಗಿಲ್ಲ."