ಅಂದಪ್ಪ ಮಾಸ್ತರರು ಮಂದಾಕಿನಿಯನ್ನು ಕೊಂದದ್ದು

ಈ ಬೇಸಿಗೆ ರಜೆಯಲ್ಲಿ ಇಳಕಲ್ಲಿನ ಒಬ್ಬ ವಿದ್ಯಾರ್ಥಿಯೂ ಪುಸ್ತಕ ಓದದೆ ಉಳಿಯಕೂಡದು! ಹೀಗೆಂದು ಅಂದಪ್ಪ ಮಾಸ್ತರರು ಘೋಷಿಸಿದ್ದು ೧೯೭೯ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹೈಸ್ಕೂಲಿನ ಪ್ರಾರ್ಥನೆ ಮುಗಿದ ಮೇಲೆ, ಬಲಗೈಯನ್ನು ಆಕಾಶಕ್ಕೆ ಎತ್ತಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರಿಗೆ ಒಳ್ಳೆಯದಿತ್ತು. ಆದರೆ ಕೈ ಮೇಲೆ ಹೋದ ಮೇಲೆ ಬಾಯಿ ಸುಮ್ಮನಿರುತ್ತದೆಯೆ?

"ನಮ್ಮ ಸಾಲಿ ಕಪಾಟಿನಾಗ ನೂರಾ ಹನ್ನೆರಡು ಪುಸ್ತಕ ಅದಾವ. ಒಂದೂ ಬಿಡದ ಎಲ್ಲಾ ಓದೇನಿ! ಜೂನ್ ತಿಂಗಳದಾಗ ಒಬ್ಬೊಬ್ಬರನ್ನ ನಿಂದ್ರಿಸಿ ಕಥಿ ಕೇಳತೇನಿ. ನನ್ನ ಕಣ್ಣಿಗೆ ಮಣ್ಣ ಎರಚಾಕ ಆಗೂದಿಲ್ಲ, ನೆನಪಿಟ್ಕೋರಿ!"

ಹೆಡ್‌ಮಾಸ್ತರರೇ ಮೊದಲು ಚಪ್ಪಾಳೆ ತಟ್ಟಿದರು. ಮಾಸ್ತರರ ಎದೆ ಎರಡಿಂಚು ಉಬ್ಬಿತು.

ಖರೆ ಹೇಳಬೇಕೆಂದರೆ, ಆ ಕಪಾಟಿನ ಕೀಲಿ ಒಂಬತ್ತು ವರ್ಷಗಳಿಂದ ಮಾಸ್ತರರ ಜೇಬಿನಲ್ಲೇ ಇತ್ತು. ಅವರು ಪುಸ್ತಕಗಳ ಧೂಳು ಹೊಡೆದಿದ್ದರು, ಹುಳ ಬೀಳದಂತೆ ಬೇವಿನ ಎಲೆ ಇಟ್ಟಿದ್ದರು, ಹರಿದದ್ದಕ್ಕೆ ಹಸಿರು ರಟ್ಟು ಹಾಕಿದ್ದರು. ಓದುವುದೊಂದನ್ನು ಮಾತ್ರ ಮುಂದಿನ ರಜೆಗೆ, ಅದರ ಮುಂದಿನ ರಜೆಗೆ ಎಂದು ದೂಡುತ್ತಾ ಬಂದಿದ್ದರು. ಕೈಗೆತ್ತಿಕೊಂಡವು ಹದಿನಾಲ್ಕು, ಕೊನೆ ಮುಟ್ಟಿಸಿದವು ಎರಡು. ಅವೆರಡೂ ತೆಳ್ಳಗಿದ್ದವು.

ರಜೆಯಲ್ಲಿ ಸಾಲಿಗೆ ಬೀಗ. ಹೀಗಾಗಿ ಹುಡುಗರಿಗೆ ಒಂದೊಂದು ಹಂಚಿದ ಮೇಲೆ ಉಳಿದ ಪುಸ್ತಕಗಳೆಲ್ಲ ಒಂದು ದೊಡ್ಡ ಟ್ರಂಕಿನಲ್ಲಿ ತುಂಬಿಕೊಂಡು ಮಾಸ್ತರರ ಮನೆಯ ಪಡಸಾಲೆಗೆ ಬಂದವು. ಒಂದು ಓದಿ ಮುಗಿಸಿದವರು ಅದನ್ನು ತಂದುಕೊಟ್ಟು ಇನ್ನೊಂದು ಒಯ್ಯಬೇಕು ಎಂದು ನಿಯಮ. ಮೊದಲ ವಾರ ಯಾರೂ ಬರಲಿಲ್ಲ. 'ಹುಡುಗರು ಹುಡುಗರೇ' ಎಂದು ಮಾಸ್ತರರು ಒಳಗೊಳಗೇ ಖುಷಿಪಟ್ಟರು. ಎರಡನೆಯ ವಾರ ದಂಡೇ ಬಂತು! ಅದೂ ಯಾವಾಗ? ಮಧ್ಯಾಹ್ನ ಎರಡಕ್ಕೆ! ನೇಕಾರರ ಮಕ್ಕಳು ಮುಂಜಾನೆಯೆಲ್ಲ ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಬೇಕು. ಅವರಿಗೆ ಬಿಡುವೇ ಎರಡಕ್ಕೆ. ಮಾಸ್ತರರು ಉಂಡು, ತೋಯಿಸಿದ ಪಂಚೆಯನ್ನು ಎದೆಯ ಮೇಲೆ ಹರವಿಕೊಂಡು, ಕರೆಂಟಿಲ್ಲದ ಫ್ಯಾನಿನ ಕೆಳಗೆ ಕಣ್ಣು ಮುಚ್ಚುವುದೂ ಎರಡಕ್ಕೆ. ಕಣ್ಣು ಹತ್ತುವುದೇ ತಡ, "ಸರ್ರೀ..." ಎಂಬ ಕೂಗು. ಎದ್ದು, ಕೊಟ್ಟು, ಬರೆದುಕೊಂಡು ಮತ್ತೆ ಅಡ್ಡಾದರೆ ಇನ್ನೊಂದು "ಸರ್ರೀ..." ಹದಿನೈದು ದಿನದಲ್ಲಿ ಮಾಸ್ತರರ ಕಣ್ಣು ಕೆಂಪಾಗಿ, ಮುಖ ಜೋತುಬಿದ್ದು, ಪುಸ್ತಕ ಕಂಡರೆ ಮೈ ಉರಿಯುವಂತಾಯಿತು.

ಅಂಥದೊಂದು ಮಧ್ಯಾಹ್ನ ಬಂದವಳು ಒಂಬತ್ತನೆಯ ಇಯತ್ತೆಯ ಮಲಿಕಾ. ಎರಡು ಮನೆ ಆಚೆಗಿನ ನೇಕಾರ ಮುರ್ತುಜಸಾಬನ ಮಗಳು. ಕೈಯಲ್ಲಿ ಹಸಿರು ರಟ್ಟಿನ ದಪ್ಪ ಕಾದಂಬರಿ.

"ಸರ್, ಇದರಾಗ ಕಡೀಕಿನ ಎಂಟು ಹಾಳಿ ಇಲ್ರಿ."

"ಇಲ್ಲಂದ್ರ ಬಿಡು. ಬ್ಯಾರೆ ಒಯ್ಯಿ."

"ಹಂಗ ಬಿಡಾಕ ಬರೂದಿಲ್ರಿ ಸರ್. ನಾ ದಿನಾ ಜೋರಲೆ ಓದತೇನಿ, ಅಪ್ಪ ನೇಯ್ಕೊಂತ ಕೇಳತಾನ. ಓಣಿ ಹೆಣಮಕ್ಕಳೆಲ್ಲಾ ಬಂದ ಕುಂಡರತಾರ. ಮಂದಾಕಿನಿ ಗಂಡ ಓಡಿಹೋಗಿ ಹನ್ನೆರಡು ವರ್ಷ ಆಗೇತ್ರಿ. ಈಗ ಬಾಗಲಾ ಬಡದ ಸಪ್ಪಳ ಆತ್ರಿ. ಆಕಿ ಎದ್ಲು. ಅಲ್ಲಿಗೇ ಹಾಳಿ ಮುಗದಾವ್ರಿ! ನೀವು ಓದೀರೆಲ್ಲಾ, ಮುಂದ ಏನಾತು ಹೇಳ್ರಿ."

ಮಾಸ್ತರರ ಒಂದು ಕಣ್ಣು ಮುಚ್ಚಿಯೇ ಇತ್ತು. ಚಾಪೆ ಕರೆಯುತ್ತಿತ್ತು. ಬದುಕಿದಳು ಎಂದರೆ ಮುಂದೇನು ಎಂದು ಕೇಳುತ್ತಾಳೆ; ಬಂದವನು ಯಾರು, ಏನಂದ, ಹತ್ತು ಪ್ರಶ್ನೆ. ಒಂದೇ ಮಾತಿನಲ್ಲಿ ಮುಗಿಯುವಂಥದ್ದು ಯಾವುದು?

"ಸತ್ಲು," ಎಂದರು ಮಾಸ್ತರರು. ಬಾಗಿಲು ಹಾಕಿಕೊಂಡು ಮಲಗಿದರು. ಆ ದಿನ ಬಂದಂಥ ನಿದ್ದೆ ಇಡೀ ರಜೆಯಲ್ಲಿ ಆ ಚಾಪೆಯ ಮೇಲೆ ಮತ್ತೆ ಬರಲಿಲ್ಲ.

ಐದಕ್ಕೆ ಎದ್ದು ನೋಡಿದರೆ ಹೆಂಡತಿ ಗುರುಲಿಂಗವ್ವ ಜೋಳ ಕೇರುವ ಮೊರ ಕಂಕುಳಲ್ಲಿಟ್ಟುಕೊಂಡು ಹೊರಗಿನಿಂದ ಬಂದರು. ಕಣ್ಣು ಅತ್ತು ಅತ್ತು ಬಾತಿದ್ದವು.

"ಏನಾತ?" ಮಾಸ್ತರರು ಗಾಬರಿಯಾದರು.

"ಮಂದಾಕಿನಿ ಹೋದ್ಲು."

"ಅಯ್ಯಯ್ಯ! ಯಾವ ಮಂದಾಕಿನಿ? ನಿನ್ನ ತವರಮನಿ ಕಡೆಯಾಕೀನ?"

ಗುರುಲಿಂಗವ್ವ ಮೊರವನ್ನು ನೆಲಕ್ಕೆ ಕುಕ್ಕಿದರು. "ನೀವ ಹೇಳಿದ್ರಂತಲ್ರಿ, ಸತ್ಲು ಅಂತ! ಜ್ವಾಳಾ ಹಸನ ಮಾಡ್ಕೊಂತ ನಾನೂ ದಿನಾ ಅಲ್ಲೇ ಕುಂತ ಕೇಳೇನಿ. ಹನ್ನೆರಡು ವರ್ಷ ದಾರಿ ಕಾದಾಕಿ, ಬಾಗಲಾ ಬಡದ ಹೊತ್ತಿಗೆ ಸಾಯೂದಂದ್ರ ಏನ್ರಿ? ಅದನ್ನ ಬರದಾವಗ ಕರುಳ ಅನ್ನೂದ ಇಲ್ಲೇನು?"

"ಅಲ್ಲ, ಒಲಿ..."

"ಒಲಿ ಹಚ್ಚಾಕ ಕೈ ಏಳವಲ್ಲದು. ಅವಲಕ್ಕಿ ಡಬ್ಬಿ ಆ ಗ್ವಾಡಿ ಮಾಡದಾಗ ಐತಿ, ಬೇಕಾದ್ರ ತಗೋರಿ."

ಮಾಸ್ತರರು ಒಣ ಅವಲಕ್ಕಿಯ ಡಬ್ಬಿಯನ್ನು ನೋಡಿದರು, ತಣ್ಣಗಿದ್ದ ಒಲೆಯನ್ನು ನೋಡಿದರು. ಮಂದಾಕಿನಿಯನ್ನು ಬದುಕಿಸದೆ ಗತ್ಯಂತರವಿರಲಿಲ್ಲ.

"ಏ, ಆಕಿ ಎಲ್ಲಿ ಸತ್ತಾಳ? ಎಚ್ಚರ ತಪ್ಪಿ ಬಿದ್ಲು ಅಷ್ಟ. ಗಂಡ ಎತ್ತಿ ಕುಂಡರಿಸಿ ನೀರ ಹೊಡದ, ಎದ್ಲು. ಆ ಹುಡುಗಿ ಪೂರಾ ಕೇಳದ ಓಡಿಹೋದ್ಲು, ನಾ ಏನ ಮಾಡ್ಲಿ!"

ಗುರುಲಿಂಗವ್ವನ ಮುಖ ಅರಳಿತು. ಒಲೆ ಹೊತ್ತಿತು. ಬಿಸಿ ರೊಟ್ಟಿಗಳ ಮೇಲೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಕೆನೆಮೊಸರು! ಮಾಸ್ತರರು ಗಡದ್ದಾಗಿ ಉಂಡರು. ಹುಡುಗಿಯ ಮೇಲೆ ಏನು ಹೊರಿಸಿದೆ ಎಂಬುದು ಆಗ ಅವರ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಎರಡಕ್ಕೆ ಸರಿಯಾಗಿ ಹೊಳೆಯಿತು. ಬಾಗಿಲಲ್ಲಿ ಮಲಿಕಾ. ಈ ಸಲ ಕೈಯಲ್ಲಿ ಪುಸ್ತಕವಿರಲಿಲ್ಲ.

"ಸರ್, ನಾ ಪೂರಾ ಕೇಳದ ಓಡಿಹೋಗಿದ್ನೇನ್ರಿ?"

ಮಾಸ್ತರರು ಕೆಮ್ಮಿದರು.

"ನಿಮ್ಮನಿ ಅಕ್ಕಾರು ಬಂದು ಹೇಳಿದ ಮ್ಯಾಲ ಎಲ್ಲಾರೂ ನನ್ನ ಸುಳ್ಳಬುರುಕಿ ಅನ್ನಾಕತ್ತಾರ್ರಿ. ಇಷ್ಟು ದಿನಾ ಓದಿದ್ದೂ ಖರೆನೋ ಸುಳ್ಳೋ ಅಂತಾರ್ರಿ. ನಮ್ಮಮ್ಮ ಪುಸ್ತಕ ಕಸಗೊಂಡಾಳ್ರಿ, ಓದೂದ ಬ್ಯಾಡ, ಸುಮ್ನ ಕಂಡಿಕಿ ಸುತ್ತು ಅಂತ. ಅಪ್ಪ ಏನೂ ಅನ್ನವಲ್ಲ. ಸೀರಿಗೆ ಸೆರಗ ಜೋಡಸೂ ಕೊಂಡಿ ಹಾಕೂದಿತ್ತು, ಮನಸ ನಿಂದ್ರವಲ್ಲದು ಅಂತ ಕೈ ಕಟಗೊಂಡ ಕುಂತಾನ್ರಿ."

ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಅದೇ ಹೊತ್ತು. ಆದರೆ ನೂರಾ ಹನ್ನೆರಡು ಪುಸ್ತಕಗಳ ಮಹಾಪಂಡಿತರಿಗೆ ಬಾಯಿ ಬರಬೇಕಲ್ಲ! "ಓದಿ ಭಾಳ ದಿನಾತವಾ. ಇನ್ನೊಂದು ಪ್ರತಿ ತಂದು ತೋರಸ್ತೇನಿ," ಎಂದರು. ಆಕೆ ಹೋದ ಮೇಲೆ ಚಾಪೆಯ ಮೇಲೆ ಬಿದ್ದುಕೊಂಡು ಛಾವಣಿಯನ್ನೇ ನೋಡಿದರು. ನಾಚಿಕೆ ಎನ್ನುವುದು ಸೆಕೆಗಿಂತ ಕೆಟ್ಟದ್ದು. ಅದಕ್ಕೆ ಪಂಚೆ ತೋಯಿಸಿ ಹೊದ್ದರೂ ತಂಪಾಗುವುದಿಲ್ಲ.

ಆ ಪುಸ್ತಕಗಳನ್ನೆಲ್ಲ ಸಾಲಿಗೆ ತರಿಸಿದ್ದವರು ಹಿಂದಿನ ಕನ್ನಡ ಮಾಸ್ತರರಾದ ಶಂಕ್ರಪ್ಪನವರು. ನಿವೃತ್ತರಾಗಿ ಕಮತಗಿಯಲ್ಲಿದ್ದರು. ಮರುದಿನ ಅಂದಪ್ಪ ಮಾಸ್ತರರು ತಲೆಗೆ ಟವೆಲ್ಲು ಸುತ್ತಿಕೊಂಡು, ಹುನಗುಂದದಲ್ಲಿ ಬಸ್ಸು ಬದಲಿಸಿ, ಉಳ್ಳಾಗಡ್ಡಿ ಚೀಲಗಳ ನಡುವೆ ಒಂಟಿಗಾಲಲ್ಲಿ ನಿಂತು ಕಮತಗಿ ಮುಟ್ಟಿದರು. ಶಂಕ್ರಪ್ಪನವರು ಅಟ್ಟ ಹತ್ತಿ, ಸೀನಿ ಸೀನಿ, ಅದೇ ಕಾದಂಬರಿಯನ್ನು ಹುಡುಕಿ ಇಳಿಸಿದರು.

"ಯಾಕ ಬೇಕಾತ್ರಿ ಇದು?"

"ಮತ್ತೊಮ್ಮೆ ಓದಬೇಕು ಅನಸ್ತ್ರಿ."

ಮುದುಕರ ಕಣ್ಣು ತುಂಬಿ ಬಂದವು. "ಮತ್ತೊಮ್ಮೆ ಓದಾಕ ಈ ಬಿಸಲಾಗ ಇಲ್ಲೀತನಕ ಬಂದ್ರಿ! ನಿಮ್ಮಂಥಾ ಓದುಗರ ಕೈಯಾಗ ನಮ್ಮ ಕಪಾಟು ಐತೆಲ್ಲಾ, ನಾ ಇನ್ನ ಆರಾಮ ಸಾಯ್ತೇನಿ!" ಎಂದು ಕೈಹಿಡಿದು ಮಜ್ಜಿಗೆ ಕುಡಿಸಿದರು.

ಬರುವಾಗ ಬಸ್ಸಿನಲ್ಲೇ ಕೊನೆಯ ಪುಟಗಳನ್ನು ಓದಿಕೊಂಡು, ಸತ್ತಳೋ ಬದುಕಿದಳೋ ನೋಡಿ, ಅದಕ್ಕೆ ತಕ್ಕ ಮಾತು ಹೊಂದಿಸಿಕೊಳ್ಳಬೇಕೆಂದು ಮಾಸ್ತರರ ಲೆಕ್ಕಾಚಾರ. ಹುನಗುಂದದ ತನಕ ನಿಲ್ಲಲೂ ಜಾಗವಿರಲಿಲ್ಲ. ಹುನಗುಂದದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪುಸ್ತಕ ತೆರೆದರು. ಮೂರು ಸಾಲು ಓದಿದರು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಹದಿನೈದು ದಿನದ ನಿದ್ದೆ ಒಟ್ಟಿಗೇ ಬಂದು ಮೇಲೆ ಬಿತ್ತು! "ಏ ಮಾಸ್ತರ್ರ, ಇಳಕಲ್ಲ ಬಂತು, ಏಳ್ರಿ!" ಎಂದು ಕಂಡಕ್ಟರ್ ಭುಜ ಅಲುಗಿಸಿದಾಗಲೇ ಎಚ್ಚರ. ಕೆಳಗಿಳಿದರೆ, ಗುರುಲಿಂಗವ್ವನಿಂದ ಸುದ್ದಿ ತಿಳಿದು ಎದುರಿಗೇ ಮಲಿಕಾ ಕಾಯುತ್ತ ನಿಂತಿದ್ದಳು. ಪುಸ್ತಕ ಅವಳ ಕೈ ಸೇರಿತು.

ಮುರ್ತುಜಸಾಬನ ಮಗ್ಗದ ಮನೆಯಲ್ಲಿ ಓಣಿಯೇ ನೆರೆದಿತ್ತು. ಮುರ್ತುಜಸಾಬ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ. ಅವನ ಹೆಂಡತಿ ಮಾಸುಮಬಿ ನೂಲು ಸುತ್ತುವ ರಾಟಿಯ ಮುಂದೆ. ಗುರುಲಿಂಗವ್ವ ಮುಂದಿನ ಸಾಲಿನಲ್ಲೇ. ಮಾಸ್ತರರಿಗೆ ಸ್ಟೂಲು ಕೊಟ್ಟರು. ಮಲಿಕಾ ಓದತೊಡಗಿದಳು. ಮಂದಾಕಿನಿ ಎದ್ದಳು. ದೀಪ ಹಿಡಿದಳು. ಏಳು ಹಾಳೆಗಳ ತುಂಬ ಹಳೆಯದೆಲ್ಲವನ್ನೂ ನೆನೆಸಿಕೊಂಡು ಅತ್ತಳು. ಎಂಟನೆಯ ಹಾಳೆಯಲ್ಲಿ ಚಿಲಕಕ್ಕೆ ಕೈ ಹಾಕಿದಳು.

"'ಆಕೆ ಬಾಗಿಲು ತೆರೆದಳೋ ಇಲ್ಲವೋ, ಹೊರಗೆ ನಿಂತವರು ಯಾರೋ, ಅದನ್ನು ಓದುಗರ ಊಹೆಗೇ ಬಿಟ್ಟಿದ್ದೇನೆ. ಮುಗಿಯಿತು,' ಅಂತ ಐತ್ರಿ."

ರಾಟಿ ನಿಂತಿತು. ಇಡೀ ಓಣಿ ಸ್ಟೂಲಿನ ಕಡೆ ತಿರುಗಿತು.

"ಸತ್ತದ್ದು ಯಾವ ಹಾಳ್ಯಾಗ ಐತ್ರಿ?" ಎಂದಳು ಮಾಸುಮಬಿ.

"ನೀರ ಹೊಡದದ್ದು?" ಎಂದರು ಗುರುಲಿಂಗವ್ವ. ಆ ದನಿಯಲ್ಲಿ ತಿಂಗಳುಗಟ್ಟಲೆ ಒಣ ಅವಲಕ್ಕಿ ಕಾಣುತ್ತಿತ್ತು.

ಮಾಸ್ತರರು ಎದ್ದು ನಿಂತರು. ಸಾಕಾಗಿತ್ತು. ಬಿಸಿಲು ಸಾಕಾಗಿತ್ತು, ಬಸ್ಸು ಸಾಕಾಗಿತ್ತು, ಪಂಡಿತನಾಗಿರುವುದು ಎಲ್ಲಕ್ಕಿಂತ ಹೆಚ್ಚು ಸಾಕಾಗಿತ್ತು.

"ಹುಡುಗಿ ಒಂದಕ್ಷರಾನೂ ಸುಳ್ಳ ಹೇಳಿಲ್ಲ. ಎರಡೂ ಸುಳ್ಳ ನನ್ನವು. ಈ ಪುಸ್ತಕ ನಾ ಓದೇ ಇಲ್ಲ."

ಮಾಸುಮಬಿ ನೂಲಿನ ಬುಟ್ಟಿಯಡಿಯಿಂದ ಹಸಿರು ರಟ್ಟಿನ ಪುಸ್ತಕವನ್ನು ತೆಗೆದು, ಸೆರಗಿನಿಂದ ಒರೆಸಿ, ಮಗಳ ತೊಡೆಯ ಮೇಲೆ ಇಟ್ಟಳು. ಮುರ್ತುಜಸಾಬ ಮಾತ್ರ ಏನೂ ಆಗದವನಂತೆ ಲಾಳಿ ಕೈಗೆತ್ತಿಕೊಂಡ.

"ನನಗ ಅವತ್ತ ಗೊತ್ತಾಗಿತ್ರಿ ಮಾಸ್ತರ್ರ. ನೀವು ಸಾಲಿ ಕಲಸೂ ಮಂದಿ, ಹೆಂಗ ಅನ್ನೂದಂತ ಸುಮ್ನಿದ್ನಿ," ಎಂದ. "ಓದಿದಾವ ಆಕಿನ್ನ ಅಷ್ಟ ಜಲ್ದಿ ಕೊಲ್ಲತಿದ್ದಿಲ್ರಿ."