ಮೇಣದ ಗುಳ್ಳೆ

ರೋಗಿಯ ವೇಷಕ್ಕೆ ಗೊತ್ತುಮಾಡಿದ್ದ ಮನುಷ್ಯ ಬರಲೇ ಇಲ್ಲ. ನಾಗಲಿಂಗನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಖಾನಾಪುರ ಸೀಮೆಯ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದ ಅವನನ್ನು ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜಿನವರು ಪರೀಕ್ಷೆಗೆಂದು ಕರೆಸಿದ್ದರು. ಗಟ್ಟಿಮುಟ್ಟಾದ ಮನುಷ್ಯನ ಮೈಮೇಲೆ ಅವನು ರೋಗ ಬರೆಯಬೇಕು, ವಿದ್ಯಾರ್ಥಿಗಳು ಅದನ್ನು ಗುರುತಿಸಬೇಕು. ಮನುಷ್ಯ ಕೈಕೊಟ್ಟಾಗ ನಾಗಲಿಂಗ ತನ್ನ ಮುಖಕ್ಕೇ ಅಂಟು ಬಳಿದು, ಸಿಡುಬಿನಂಥ ಮೇಣದ ಗುಳ್ಳೆ ಕೂಡಿಸಿ, ಸುತ್ತ ಕೆಂಪು ತೀಡಿ, ತುದಿಗೆ ಗ್ಲಿಸರಿನ್ ಮುಟ್ಟಿಸಿದ. ಪರೀಕ್ಷೆಗೆ ಬಂದ ಡಾಕ್ಟರೇ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಶಹಬ್ಬಾಸ್ ಎಂದರು.

ಎಲ್ಲ ಮುಗಿದಾಗ ಎರಡು ಗಂಟೆ. ನಾಲ್ಕಕ್ಕೆ ಖಾನಾಪುರದಲ್ಲಿ ಹುಡುಗಿ ನೋಡುವುದಿತ್ತು. ತಾಯಿ ಕಾಡವ್ವ ನೇರ ಅಲ್ಲಿಗೇ ಬರುವವಳಿದ್ದಳು. ಮೂವತ್ತನಾಲ್ಕು ತುಂಬಿದ ಮಗನಿಗೆ ಇದು ಒಂಬತ್ತನೆಯ ಹುಡುಗಿ. ಅಂಟು ಬಿಡಿಸುವ ಸ್ಪಿರಿಟ್ಟಿನ ಬಾಟಲಿ ಅವಸರದಲ್ಲಿ ಕೈಜಾರಿ ನೆಲದ ಪಾಲಾಯಿತು. ಊರಿಗೆ ಹೋಗಿ ತೊಳೆದರಾಯಿತೆಂದು ನಾಗಲಿಂಗ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಸ್ ಹತ್ತಿದ.

ದೇಸೂರಿನ ಹತ್ತಿರ ಗಾಳಿಗೆ ಟವೆಲ್ ಜಾರಿತು. ಮೂವರ ಸೀಟಿನಲ್ಲಿ ಅವನೊಬ್ಬನೇ ಉಳಿದ. ಮುಂದಿನ ಸೀಟಿನ ಮುದುಕಿ ಮಾತ್ರ ತಿರುಗಿ, ಸಿಡುಬಿನ ದೇವಿಗೆಂದು ಕೈಮುಗಿದಳು.

"ತಾಯಿ ಬಂದಾಳ, ತಮ್ಮಾ. ಒಂಬತ್ತ ದಿನ ನೀರ ಮುಟ್ಟಬ್ಯಾಡ."

"ಇದು ರೋಗಲ್ಲಬೇ ಯವ್ವಾ. ನಾನ ಮಾಡಿಕೊಂಡೇನಿ. ಮೇಣ ಇದು."

"ಜ್ವರ ನೆತ್ತಿಗೇರೇತಿ," ಎಂದು ಮುದುಕಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು.

ಖಾನಾಪುರದಲ್ಲಿ ಇಳಿದವನೇ ನಾಗಲಿಂಗ ಸೈಕಲ್ ಅಂಗಡಿಯ ಹಿಂದೆ ಹೋಗಿ, ಚಿಮಣಿ ಎಣ್ಣೆ ಬೇಡಿ ತಂದು ಮುಖ ತಿಕ್ಕಿಕೊಂಡ. ಸಾಬೂನು ಹಚ್ಚಿ ಮೂರು ಸಲ ತೊಳೆದ. ಮುಖ ಕಲಾಯಿ ಹಾಕಿಸಿದ ಪಾತ್ರೆಯಂತೆ ಹೊಳೆಯಿತು, ಸ್ವಲ್ಪ ಉರಿಯಿತು.

ಹುಡುಗಿಯ ಮನೆಯ ಪಡಸಾಲೆಯಲ್ಲಿ ಕಾಡವ್ವನ ಎದುರು ಕೂತಿದ್ದವಳು ಅದೇ ಮುದುಕಿ. ಪದ್ಮವ್ವ, ಹುಡುಗಿಯ ಸೋದರತ್ತೆ.

ಹುಡುಗಿ ಪ್ರಮಿಳಾ ಚಹಾ ಕೊಟ್ಟು ಒಳಗೆ ಹೋದಳು. "ಉದ್ಯೋಗ ಏನ್ರಿ?" ಅವಳ ತಂದೆ ಹಣಮಪ್ಪ ಕೇಳಿದ.

"ನಾಟಕದಾವ್ರಿಗೆ ಬಣ್ಣ ಹಚ್ತೀನ್ರಿ. ಎಂಥಾ ಮಾರಿ ಇರ್ಲಿ, ಹೆಂಗ ಬೇಕ ಹಂಗ ಮಾಡ್ತೀನಿ."

"ಮಾಡ್ಯಾನ ನೋಡು," ಅಂದಳು ಪದ್ಮವ್ವ. "ಹಣಮಪ್ಪಾ, ತಾಸಿನ ಹಿಂದ ಬಸ್ಸಿನ್ಯಾಗ ಇವನ ಮಾರಿ ತುಂಬ ತಾಯಿ ಇದ್ದಳು. ಈಗ ಮ್ಯಾಲ ಬಣ್ಣ ಬಳಕೊಂಡು ಬಂದಾನ."

"ಇಲ್ರಿ. ಇದು ನನ್ನ ಮಾರಿ. ಆವಾಗಿಂದು ಬಣ್ಣ."

"ಹೆಣ್ಣ ನೋಡಾಕ ಬರೂ ದಿನ ರೋಗದ ಬಣ್ಣ ಯಾರರೆ ಹಚ್ಕೋತಾರೇನ್ರಿ?" ಹಣಮಪ್ಪ ಶಾಂತವಾಗಿ ಕೇಳಿದ.

"ತಾಯೀನ್ನ ಮುಚ್ಚಿಡಬಾರದು. ಬಣ್ಣ ತಗೀಲಿ," ಅಂದಳು ಪದ್ಮವ್ವ.

ಕಾಡವ್ವನಿಗೆ ಸಿಟ್ಟು ಬಂತು. "ನನ್ನ ಮಗನ ಮಾರಿ ನನಗ ಗೊತ್ತಿಲ್ಲೇನು? ತಿಕ್ಕೇ ತೋರಸ್ತೀನಿ ತರ್ರಿ." ಒದ್ದೆ ಬಟ್ಟೆಯಿಂದ ತಿಕ್ಕಿದಳು, ಏನೂ ಬರಲಿಲ್ಲ. "ಬಣ್ಣ ಪಕ್ಕಾ ಐತಿ," ಎಂದು ಪದ್ಮವ್ವ ದೂರದಿಂದಲೇ ಪಾತ್ರೆ ಉಜ್ಜುವ ತೆಂಗಿನ ನಾರು ಎಸೆದಳು. ಛಲಕ್ಕೆ ಬಿದ್ದ ಕಾಡವ್ವ ಅದರಿಂದಲೂ ತಿಕ್ಕಿದಳು. ಚಿಮಣಿ ಎಣ್ಣೆಗೆ ಮೊದಲೇ ಉರಿಯುತ್ತಿದ್ದ ಚರ್ಮ ಇಷ್ಟು ತಾಳಲಿಲ್ಲ. ಕೆನ್ನೆಯ ಮೇಲೆ ಒಂದು, ಹಣೆಯ ಮೇಲೆ ಎರಡು, ನಿಜವಾದ ಗುಳ್ಳೆಗಳೇ ಎದ್ದವು.

"ಅಕಾ ನೋಡ್ರಿ, ಒಳಗಿನ ಮಾರಿ ಕಾಣಾಕತ್ತೇತಿ," ಎಂದು ಪದ್ಮವ್ವ ಮತ್ತೆ ಕೈಮುಗಿದಳು.

ಸಂಬಂಧ ಅಲ್ಲಿಗೇ ಮುರಿಯಿತು. ಕಾಡವ್ವ ಮಗನ ಕಡೆ ತಿರುಗಿಯೂ ನೋಡದೆ ಮುಂದೆ ನಡೆದಳು. ಹಿಂದೆ ಉಳಿದ ನಾಗಲಿಂಗನನ್ನು ಹಿತ್ತಲ ಬಾಗಿಲಿನಿಂದ ಪ್ರಮಿಳಾ ಕರೆದಳು. ಅವಳ ಅಂಗೈಯಲ್ಲಿ ಒಂದು ಮೇಣದ ಗುಳ್ಳೆ ಇತ್ತು.

"ಚಹಾ ಕೊಡೂ ಮುಂದ ನಿಮ್ಮ ಕಾಲರಿನಿಂದ ಬಿತ್ರಿ. ನೀವು ಹೇಳಿದ್ದು ಖರೇ ಅಂತ ನನಗ ಗೊತ್ತಿತ್ತು."

ಒಂಬತ್ತು ಹುಡುಗಿಯರಲ್ಲಿ ಒಬ್ಬಳಾದರೂ ಅವನನ್ನು ನಂಬಿದ್ದಳು. ಮುಖದ ಉರಿ ಅರ್ಧ ಇಳಿಯಿತು.

"ಹಂಗಾರ ಎಲ್ಲಾರ ಮುಂದ ಹೇಳಬಾರದಿತ್ತೇನ್ರಿ?"

"ಹೇಳಿದ್ರ ಲಗ್ನ ಗಟ್ಟಿ ಆಗ್ತಿತ್ತಲ್ರಿ," ಅಂದಳು ಪ್ರಮಿಳಾ. ಆಮೇಲೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಸೋಮವಾರ ಇನ್ನೊಬ್ರು ನೋಡಾಕ ಬರಾಕತ್ತಾರ. ನನಗೂ ಇಂಥಾವ ಒಂದಿಪ್ಪತ್ತು ಮಾಡಿಕೊಡ್ರಿ."