ತೊಂಬತ್ತನೇ ದಿನದ ಕೆಂಚ

ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಮುನೇಶ ನಾಯಿಯ ಫೋಟೊ ಕಳಿಸಿದ. ತುಳಸಿಕಟ್ಟೆಯ ಪಕ್ಕ ನಾಲಿಗೆ ಚಾಚಿ ಕೂತ ಕೆಂಚ, ಹಿಂದೆ ತಂತಿಯ ಮೇಲೆ ನೀಲಿ ಲುಂಗಿ. ಕೆಳಗೆ ‘ದಿನ ೯೦, ಚೆನ್ನಾಗಿದ್ದಾನೆ’ ಎಂದು ಬರೆದ. ಎಲ್ಲ ಸರಿಯಾಗಿತ್ತು, ಮನೆಯಲ್ಲಿ ನಾಯಿ ಇರಲಿಲ್ಲ ಅನ್ನುವುದೊಂದು ಬಿಟ್ಟು.

ಕೆಂಚ ಓಡಿಹೋಗಿ ಮೂವತ್ತೆರಡು ದಿನವಾಗಿತ್ತು.

ದಿನಾ ಫೋಟೊ ಕಳಿಸಿದ ಕೂಡಲೇ ಆ ಕಡೆಯಿಂದ ಎರಡು ಹೃದಯದ ಚಿತ್ರ ಬರುತ್ತಿದ್ದವು. ಇವತ್ತು ದನಿಯೇ ಬಂತು. “ಮುನೇಶ್ ಅವ್ರೇ, ಕಂಗ್ರಾಟ್ಸ್! ತೊಂಬತ್ತು ದಿನ ಒಂದಿನಾನೂ ತಪ್ಪಿಸ್ದೆ ಫೋಟೊ ಕಳಿಸಿರೋರು ನೀವೊಬ್ರೇ. ಮಧ್ಯಾಹ್ನ ಎರಡು ಗಂಟೆಗೆ ನಾನೇ ಮನೆಗೆ ಬರ್ತೀನಿ. ಕೆಂಚನ್ನ ಒಂದ್ಸಲ ನೋಡಿ, ನಿಮ್ಮ ಸೈನ್ ತಗೊಂಡು ಹೋಗ್ತೀನಿ, ಆಯ್ತಾ?”

ಪೆರೇಸಂದ್ರದ ಹತ್ತಿರದ ‘ಬಾಲಬಂಧು’ ನಾಯಿ ಕೇಂದ್ರದ ಶ್ರೀವಿದ್ಯಾ ಮೇಡಂ. ಬೀದಿಯಲ್ಲಿ ಬಿದ್ದ ನಾಯಿಗಳನ್ನು ತಂದು ಸಾಕಿ, ಬೇಕೆಂದವರಿಗೆ ಕೊಡುವುದು ಕೇಂದ್ರದ ಕೆಲಸ. ಕೊಟ್ಟ ಮೇಲೆ ತೊಂಬತ್ತು ದಿನ, ದಿನಕ್ಕೊಂದು ಫೋಟೊ ತರಿಸಿಕೊಂಡು, ನಾಯಿ ತಿಂತಾ, ಮಲಗ್ತಾ, ಬೇಜಾರು ಮಾಡ್ಕೊಂಡಿದೆಯಾ ಎಂದು ವಿಚಾರಿಸಿಕೊಳ್ಳುವುದು ಮೇಡಂ ಕೆಲಸ.

ಒಳ್ಳೆಯದೇ. ಆದರೆ ಮುನೇಶನ ಅಪ್ಪ ಜಯರಾಮಪ್ಪ ಹೋದ ವರ್ಷ ಕಾರ್ಖಾನೆಯ ಲಾರಿಗೆ ಸಿಕ್ಕಿ ಸತ್ತಾಗ ಮನೆಗೆ ಬಂದಿದ್ದು ಒಂದು ಹೂವಿನ ಹಾರ, ಅದೂ ಬಾಡಿದ್ದು. ತೊಂಬತ್ತು ದಿನ ಹಾಗಿರಲಿ, ಒಂಬತ್ತು ದಿನವೂ ಯಾವ ಅಧಿಕಾರಿಯೂ ಬಂದು, ಮುನೇಶನ ಅಮ್ಮ ಚಿಕ್ಕಮುನಿಯಮ್ಮ ಉಂಡಳಾ, ಮಲಗಿದಳಾ ಎಂದು ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಆಕೆ ಉಣ್ಣುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಮಾತನ್ನೇ ಬಿಟ್ಟಿದ್ದಳು.

ಆಮೇಲೆ ಕೇಂದ್ರದಿಂದ ಕೆಂಚ ಬಂದ. ಕಂದು ಬಣ್ಣ, ಎಡಗಿವಿ ಅರ್ಧವೇ ಇತ್ತು. ಬಂದ ಮೂರನೇ ದಿನ ಅಡುಗೆಮನೆಯಿಂದ, “ಥೂ ನಿನ್ನ ಮೊಕಕ್ಕಿಷ್ಟು, ಬಿಸಿ ಮುದ್ದೆಗೆ ಬಾಯಿ ಹಾಕ್ತೀಯಲ್ಲೋ, ಆರಲಿ ಇರೋ!” ಎಂಬ ಬೈಗುಳ ಕೇಳಿ ಮುನೇಶ ಸ್ನಾನದ ಮನೆಯಲ್ಲೇ ಅತ್ತಿದ್ದ. ಅಮ್ಮ ಮಾತಾಡಿದ್ದಳು. ನಾಯಿಗೆ ಕಿವುಚಿದ ಮುದ್ದೆಯಲ್ಲಿ ತಾನೂ ಒಂದು ತುತ್ತು ತಿಂದಿದ್ದಳು.

ಇನ್ನು ಫೋಟೊದ ವಿಷಯ. ಮುನೇಶನ ಕೆಲಸ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ, ಬಾಯ್ಲರ್ ಮುಂದೆ. ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಶಿಫ್ಟ್ ಶುರುವಾದ ಹತ್ತು ನಿಮಿಷಕ್ಕೇ ಎಂಟೂ ಗಂಟೆಗಳ ರೀಡಿಂಗನ್ನು ಬರೆದು ಮುಗಿಸಿ, ಆಮೇಲೆ ಬೇರೆ ಎಂಟು ಕೆಲಸ ನೋಡಿಕೊಳ್ಳುತ್ತಾರೆ. ಮೇಲಿನವರು ಇಬ್ಬರ ಕೆಲಸವನ್ನು ಒಬ್ಬನಿಗೆ ಕೊಟ್ಟರೆ ಇನ್ನೇನಾಗುತ್ತದೆ? ಬಾಯ್ಲರ್ ಅಂತೂ ಒಂದು ದಿನವೂ ದೂರು ಹೇಳಿರಲಿಲ್ಲ.

ನಾಯಿಯದೂ ಹಾಗೇ ಮಾಡಿದ. ಒಂದು ಭಾನುವಾರ ತಂತಿಯ ಮೇಲಿನ ಬಟ್ಟೆ ಬದಲಿಸುತ್ತಾ, ಕೆಂಚನನ್ನು ಕೂರಿಸಿ, ನಿಲ್ಲಿಸಿ, ಮಲಗಿಸಿ, ಮುಗಿಯುವ ದಿನದವರೆಗೆ ಬೇಕಾದಷ್ಟು ಫೋಟೊ ತೆಗೆದಿಟ್ಟುಕೊಂಡ. ಅವತ್ತು ಸಂಜೆಯ ಹೊತ್ತಿಗೆ ಕೆಂಚ ಮೊಬೈಲ್ ಕಂಡರೆ ಮಂಚದ ಕೆಳಗೆ ನುಗ್ಗುತ್ತಿದ್ದ.

ಐವತ್ತೆಂಟನೇ ದಿನ ಬೀದಿಯಲ್ಲಿ ಯಾವನೋ ಚುನಾವಣೆ ಗೆದ್ದ. ಗೆದ್ದವನ ಕಡೆಯವರು ಸರಪಟಾಕಿ ಹಚ್ಚಿದರು. ಕೆಂಚ ಹಗ್ಗ ಕಿತ್ತುಕೊಂಡು ಓಡಿದವನು ಮತ್ತೆ ಬರಲಿಲ್ಲ. ನಾಯಿ ಕಳೆದರೆ ಇಪ್ಪತ್ನಾಲ್ಕು ಗಂಟೆಯೊಳಗೆ ತಿಳಿಸಬೇಕು, ಹುಡುಕಲು ಕೇಂದ್ರದವರೇ ಬರುತ್ತಾರೆ, ಮುಚ್ಚಿಟ್ಟರೆ ಪೊಲೀಸ್ ದೂರು ಎಂದು ನಾಯಿ ಕೊಡುವಾಗ ಬರೆಸಿಕೊಂಡ ಕಾಗದದಲ್ಲಿತ್ತು. ಸಂಜೆಗೆ ಬಂದಾನು ಎಂದು ಮುನೇಶ ಕಾದ. ಮಾರನೇ ಬೆಳಗ್ಗೆ ಏಳಕ್ಕೆ ಅವನ ಬೆರಳು ಅಭ್ಯಾಸ ಬಲದಿಂದ ಐವತ್ತೊಂಬತ್ತನೇ ಫೋಟೊ ಕಳಿಸಿಬಿಟ್ಟಿತು. ಅಲ್ಲಿಗೆ ಮುಗಿಯಿತು. ಇನ್ನು ನಿಜ ಹೇಳುವುದು ಹೇಗೆ?

ಶಿಫ್ಟ್ ಮುಗಿಸಿ ಬೈಕಿನಲ್ಲಿ ತೊಂಡೇಬಾವಿ, ಮಂಚೇನಹಳ್ಳಿ ಎಲ್ಲ ತಡಕಿದ. ಪೆರೇಸಂದ್ರದ ಕಡೆ ಮಾತ್ರ ಹೋಗಲಿಲ್ಲ. ಕೇಂದ್ರದವರ ಕಣ್ಣಿಗೆ ಬಿದ್ದರೆ? ಅಮ್ಮ ಮತ್ತೆ ಗೋಡೆಗೆ ತಿರುಗಿದ್ದಳು.

“ಏನಪ್ಪಾ ಮುನೇಶಾ, ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ಯ?” ಇವತ್ತು ಬೆಳಗ್ಗೆ ಪಕ್ಕದ ಮನೆಯ ಓಬಳಮ್ಮ ಪೊರಕೆ ಹಿಡಿದೇ ಒಳಗೆ ಬಂದಳು. ಕೆಂಚ ಬೊಗಳುತ್ತಾನೆಂದು ಬೀದಿಗೆಲ್ಲ ದೂರು ಹೇಳಿದ್ದವಳು ಈಕೆಯೇ. ವಿಷಯ ಕೇಳಿದ್ದೇ ಸೆರಗು ಸಿಕ್ಕಿಸಿಕೊಂಡಳು.

“ಒಂದು ನಾಯಿ ತಾನೇ ತೋರಿಸ್ಬೇಕಿರೋದು? ಗೌರಿಬಿದನೂರಾಗೆ ನಾಯಿಗೇನು ಬರಗಾಲವಾ? ಏಯ್ ಗಂಗರಾಜು! ಇಲ್ಲಿ ಬಾರಪ್ಪಾ!”

ಎದುರು ಸಾಲಿನ ಕೋಳಿ ಅಂಗಡಿಯ ಗಂಗರಾಜು ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಅಂಗಡಿ ಮುಂದೆ ಒಂದು ಬಿಳಿ ನಾಯಿ ವರ್ಷಗಟ್ಟಲೆಯಿಂದ ಬಿದ್ದುಕೊಂಡಿತ್ತು.

“ತಗೊಂಡೋಗಣ್ಣ, ಅದಕ್ಕೇನಂತೆ! ಬೇಕಾದ್ರೆ ಇಟ್ಕೊಂಬಿಡು,” ಎಂದ ಗಂಗರಾಜು. ಅಷ್ಟು ಉದಾರಿಯಾಗಿ ಅವನು ಕೋಳಿಯ ಚರ್ಮವನ್ನೂ ಯಾರಿಗೂ ಕೊಟ್ಟವನಲ್ಲ. ಮುನೇಶನಿಗೆ ಅನುಮಾನ ಬರಬೇಕಿತ್ತು.

“ಅಕ್ಕಾ, ಇದು ಬಿಳೀದು. ಕೆಂಚ ಕೆಂಪು.”

“ಕೆಮ್ಮಣ್ಣು ಇಲ್ವಾ? ಹಬ್ಬಕ್ಕೆ ತಂದಿದ್ದು ಅರ್ಧ ಬಕೆಟ್ ಹಂಗೇ ಐತೆ.”

ಹನ್ನೊಂದು ಗಂಟೆಗೆ ಮೂವರೂ ಸೇರಿ ನಾಯಿಗೆ ಕೆಮ್ಮಣ್ಣು ಬಳಿಯತೊಡಗಿದರು. ನಾಯಿ ಮೊದಲು ಮೈ ಒದರಿತು. ಬಳಿಯುತ್ತಿದ್ದವರೇ ಹೊಸದಾಗಿ ಸಾರಿಸಿದ ಗೋಡೆಗಳ ಹಾಗಾದರು. ಎರಡನೇ ಸಲ ಅದು ಮುನೇಶನ ಮುಂಗೈ ಕಚ್ಚಿತು.

“ಅಯ್ಯೋ ದೇವುಡಾ! ಸೋಪು ಹಾಕಿ ತೊಳ್ಕೊಳೋ,” ಎಂದು ಓಡಿದ ಓಬಳಮ್ಮ ಬಟ್ಟೆ ಪಟ್ಟಿ ತಂದಳು.

“ಅಕ್ಕಾ, ಇಂಜೆಕ್ಷನ್...”

“ಮೇಡಂ ಹೋಗ್ಲಿ, ಆಮೇಲೆ ಆಸ್ಪತ್ರೆ. ಇವಾಗ ಹೋದ್ರೆ ನಾಯಿ ಹಿಡ್ಕೊಳೋರ್ಯಾರು?”

ಕೆಂಚನ ಕಿವಿ ಅರ್ಧ, ಇದರದು ಪೂರ್ತಿ. ಉಳಿದ ಪಟ್ಟಿಯಲ್ಲಿ ನಾಯಿಯ ಎಡಗಿವಿಯನ್ನು ಮಡಚಿ ಕಟ್ಟಿದರು. ನಾಯಿ, ಮುನೇಶ ಇಬ್ಬರೂ ಒಂದೇ ಬಸ್ಸು ಮಗುಚಿ ಬಂದವರ ಹಾಗೆ ಕಾಣುತ್ತಿದ್ದರು.

ಒಂದೂಮುಕ್ಕಾಲಿಗೆ ಗಂಗರಾಜು ತಲೆ ಕೆರೆದುಕೊಂಡ. “ಅಣ್ಣ, ಕೆಂಚ ಗಂಡಲ್ವಾ? ಇದು ಹೆಣ್ಣು.”

“ಇದನ್ನ ಇವಾಗ ಹೇಳ್ತಾನೆ ನೋಡು ಪುಣ್ಯಾತ್ಮ!” ಓಬಳಮ್ಮ ಪೊರಕೆ ಎತ್ತಿದಳು. “ಕೂತಿದ್ರೆ ಗೊತ್ತಾಗಲ್ಲ ಬಿಡು. ಎದ್ದೇಳಕ್ಕೆ ಬಿಡಬೇಡ್ರಿ.”

ಮುನೇಶ ಒಳಗೆ ಹೋಗಿ ಅಮ್ಮನ ಬೆನ್ನಿನ ಹತ್ತಿರ ಕೂತ. “ಅಮ್ಮಾ, ಮೇಡಂ ಏನಾದ್ರೂ ಕೇಳಿದ್ರೆ ‘ಇದೇ ನಮ್ಮ ಕೆಂಚ’ ಅನ್ನು. ಅಷ್ಟೇ. ಇಲ್ಲಾಂದ್ರೆ ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತಾರೆ. ಕೇಳಿಸ್ತಾ?” ಮೂರು ಸಲ ಹೇಳಿದ. ಬೆನ್ನು ಅಲುಗಲಿಲ್ಲ.

ಎರಡಕ್ಕೆ ಕಾರು ಬಂತು. ಶ್ರೀವಿದ್ಯಾ ಮೇಡಂ ಇಳಿದು ತುಟಿಯ ತುದಿಯಿಂದಲೇ ನಕ್ಕರು. ಅವರಿಗೆ ಅವತ್ತು ಇನ್ನೂ ಮೂರು ಮನೆಗಳಿದ್ದವು.

“ಹಾಯ್ ಕೆಂಚಾ! ಕಿವಿಗೇನಾಯ್ತು?”

“ಹುಣ್ಣು ಮೇಡಂ,” ಎಂದರು ಮೂವರೂ ಒಟ್ಟಿಗೆ.

“ದಪ್ಪ ಬೇರೆ ಆಗಿದ್ದಾನೆ. ಚೆನ್ನಾಗಿ ನೋಡ್ಕೊಂಡಿದ್ದೀರಿ.”

ಮೇಡಂ ಚೀಲದಿಂದ ಒಂದು ಯಂತ್ರ ತೆಗೆದರು. ಕೊಡುವಾಗ ನಾಯಿಯ ಕತ್ತಿನ ಚರ್ಮದೊಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಿರುತ್ತಾರೆ, ಅದನ್ನು ಓದುವ ಯಂತ್ರ. ಮೇಡಂ ಕತ್ತಿನ ಮೇಲೆ ಆಡಿಸಿದರು. ಯಂತ್ರ ಸದ್ದು ಮಾಡಲಿಲ್ಲ.

“ಬ್ಯಾಟರಿ ಹೋಗಿ ಎರಡು ತಿಂಗಳಾಯ್ತು. ಸುಮ್ನೆ ಫೋಟೊಗೆ ಹಿಡೀಬೇಕಲ್ಲ,” ಎಂದು ಅವರು ಅದನ್ನು ಚೀಲಕ್ಕೆ ಹಾಕಿ ಫಾರಂ ಚಾಚಿದರು.

ಫಾರಂ ಪೂರ್ತಿ ತುಂಬಿತ್ತು. ನಾಯಿ ಲವಲವಿಕೆಯಿಂದಿದೆಯೇ: ಹೌದು. ಬಾಲ ಆಡಿಸುತ್ತದೆಯೇ: ಹೌದು. ಎಲ್ಲ ನಿನ್ನೆಯೇ ಬರೆದಿದ್ದು, ತಾರೀಕು ಕೂಡ ನಿನ್ನೆಯದು. ಮುನೇಶನಿಗೆ ತನ್ನ ಬಾಯ್ಲರ್ ಪುಸ್ತಕ ನೋಡಿದ ಹಾಗಾಯಿತು. ಪಟ್ಟಿ ಕಟ್ಟಿದ ಕೈಯಲ್ಲೇ ಸಹಿ ಮಾಡಿದ. ಓಬಳಮ್ಮ, ಗಂಗರಾಜು ಸಾಕ್ಷಿ ಹಾಕಿದರು. ಮುಗಿಯಿತು, ಬದುಕಿದೆ ಅಂದುಕೊಂಡ.

ಓಬಳಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಾ ಮೇಡಂ ಮೊಬೈಲ್ ತೆಗೆದರು. “ಒಂದು ತಮಾಷೆ ಕೇಳಿ ಮುನೇಶ್ ಅವ್ರೇ. ತಿಂಗಳ ಹಿಂದೆ ಒಂದು ನಾಯಿ ತಾನಾಗೇ ಬಂದು ನಮ್ಮ ಗೇಟ್ ಮುಂದೆ ಬಿದ್ದಿತ್ತು. ಅಂಗಾಲೆಲ್ಲ ಗಾಯ. ನಮ್ಮ ಅಡುಗೆ ಬಯ್ಯಪ್ಪ, ‘ಇದು ಗೌರಿಬಿದನೂರಿಗೆ ಕೊಟ್ಟ ಕೆಂಚನೇ, ಕಿವಿ ನೋಡಿ’ ಅಂತ ಒಂದೇ ಹಟ. ನಂಗೂ ಗಾಬರಿ, ಈ ಮಷೀನ್ ಬೇರೆ ಸತ್ತಿದೆ. ನಿಮಗೆ ಫೋನ್ ಮಾಡೋಣ ಅಂತ ಕೈಗೆತ್ಕೊಂಡೆ, ಏಳು ಗಂಟೆಗೆ ಸರಿಯಾಗಿ ನಿಮ್ಮ ಫೋಟೊ ಬಂತು! ‘ನೋಡಪ್ಪಾ, ಕೆಂಚ ಅಲ್ಲಿ ಆರಾಮಾಗಿ ಕೂತಿದ್ದಾನೆ’ ಅಂತ ಬಯ್ಯಪ್ಪಂಗೆ ಚೆನ್ನಾಗಿ ಬೈದೆ. ಆದ್ರೂ ಇಪ್ಪತ್ತು ದಿನ ಇಟ್ಕೊಂಡು ಕಾದ್ವಿ. ಯಾರೂ ಹುಡುಕ್ಕೊಂಡು ಬರ್ಲಿಲ್ಲ. ಚಿಂತಾಮಣಿಯವರಿಗೆ ಕೊಟ್ವಿ. ರಾಕಿ ಅಂತ ಹೆಸರಿಟ್ಟಿದ್ದಾರೆ.”

ಮೊಬೈಲಿನಲ್ಲಿ ಅರ್ಧ ಕಿವಿಯ ಕಂದು ನಾಯಿಯೊಂದು ಹಗ್ಗ ಜಗ್ಗುತ್ತಾ ಬೊಗಳಿತು.

ಮುನೇಶ ಕೂಗಿಕೊಂಡ. “ಮೇಡಂ, ಅದೇ ನಮ್ಮ ಕೆಂಚ! ಫೋಟೊ ಎಲ್ಲ ಒಂದೇ ದಿನ ತೆಗೆದಿದ್ದು! ಇದು ಗಂಗರಾಜು ಕೋಳಿ ಅಂಗಡಿ ನಾಯಿ!”

ಮೇಡಂ ಲೋಟ ಕೆಳಗಿಟ್ಟರು. ಗಂಗರಾಜು ಗಾಬರಿಯಾದ. ಸಾಕ್ಷಿ ಹಾಕಿದ ಕೈಯ ಶಾಯಿ ಇನ್ನೂ ಆರಿರಲಿಲ್ಲ. “ಇಲ್ಲ ಮೇಡಂ, ನಮ್ಮಂಗಡೀಲಿ ನಾಯೇ ಇಲ್ಲ. ಯಾರನ್ನ ಬೇಕಾದ್ರೂ ಕೇಳಿ.”

ಓಬಳಮ್ಮ ಮುನೇಶನ ಬಾಯಿಗೆ ಕೈ ಅಡ್ಡ ಹಿಡಿದಳು. “ಪಾಪ, ನೈಟ್ ಶಿಫ್ಟು ಕಣಮ್ಮಾ. ನಿದ್ದೆ ಇಲ್ದೆ ಏನೇನೋ ಮಾತಾಡ್ತಾನೆ. ನನ್ನ ಮಕ್ಕಳಾಣೆಗೂ ಇದೇ ಕೆಂಚ.”

“ಅಕ್ಕಾ, ಸುಮ್ನಿರಕ್ಕಾ! ನಿಜ ಹೇಳು!”

“ನೀನು ಸುಮ್ನಿರೋ, ಒಳಕ್ಕೆ ಹಾಕ್ತಾರೆ,” ಎಂದು ಅವಳು ಅವನ ಪಕ್ಕೆ ತಿವಿದಳು.

“ನೋಡಿ ಮುನೇಶ್,” ಮೇಡಂ ದನಿಯಲ್ಲಿದ್ದ ‘ಅವ್ರೇ’ ಹೋಗಿತ್ತು. “ರಾಕಿ ವಿಡಿಯೋ ನೋಡಿದೋರೆಲ್ಲ ನಂದು ನಂದು ಅಂತಾರೆ. ತೊಂಬತ್ತು ಫೋಟೊ ಇದೆ. ನಿಮ್ಮ ಸೈನ್ ಇದೆ. ಅದೆಲ್ಲ ಸುಳ್ಳು ಅಂದ್ರೆ ಕೇಸಾಗುತ್ತೆ. ಶಿಡ್ಲಘಟ್ಟದಲ್ಲಿ ಒಬ್ಬ ಹಿಂಗೇ ಮಾಡಿ ಇನ್ನೂ ಸ್ಟೇಷನ್ನಿಗೆ ಅಲೀತಿದ್ದಾನೆ. ಮನೇಲಿ ಇನ್ಯಾರಿದ್ದಾರೆ? ಅವರನ್ನೇ ಕೇಳ್ತೀನಿ.”

ಕೇಳುವ ಮೊದಲೇ ಬಾಗಿಲಲ್ಲಿ ಚಿಕ್ಕಮುನಿಯಮ್ಮ ನಿಂತಿದ್ದಳು. ಆ ಬೊಗಳು ಕೇಳಿ ಎದ್ದು ಬಂದಿದ್ದಳು. ನೆರಿಗೆ ಕೆದರಿತ್ತು, ಕಣ್ಣು ಅಗಲವಾಗಿತ್ತು. ಮೇಡಂ ಕೈಯಲ್ಲಿದ್ದ ಮೊಬೈಲಿನ ಹತ್ತಿರ ಬಂದು, ಅರ್ಧ ಕಿವಿಯ ಮೇಲೆ ಬೆರಳಿಟ್ಟಳು. ಬೆರಳು ತಾಗಿ ವಿಡಿಯೋ ನಿಂತುಹೋಯಿತು.

“ಹೇಳು ಅಮ್ಮಾ! ನಿಜ ಹೇಳು!” ಎಂದ ಮುನೇಶ.

“ನೀವೇ ಹೇಳಿ ಅಮ್ಮಾ,” ಎಂದರು ಮೇಡಂ. “ಇದು ಕೆಂಚ ಅಲ್ಲ ಅಂದ್ರೆ ನಿಮ್ಮ ಮಗನ ಮೇಲೆ ಕಂಪ್ಲೇಂಟ್ ಕೊಡ್ಬೇಕಾಗುತ್ತೆ. ನಿಮ್ಮ ಕೆಂಚ ಯಾವುದು?”

ಆಕೆ ಮಗನ ಕೈಯ ಪಟ್ಟಿ ನೋಡಿದಳು. ಅದರಲ್ಲಿ ರಕ್ತ ಒಸರಿತ್ತು. ಹೊರಗೆ ನಿಂತ ಕಾರು ನೋಡಿದಳು. ಮತ್ತೆ ಮೊಬೈಲ್ ನೋಡಿದಳು. ಮೂವತ್ತೆರಡು ದಿನದ ಮೇಲೆ ಬಾಯಿ ತೆರೆದಳು. ಕೆಮ್ಮಣ್ಣಿನ ನಾಯಿಯ ಕಡೆ ಕೈ ತೋರಿಸಿ, ಮಗ ಹೇಳಿಕೊಟ್ಟ ಮೂರೇ ಮಾತು, ಒಂದಕ್ಷರ ತಪ್ಪಿಸದೆ, “ಇದೇ ನಮ್ಮ ಕೆಂಚ,” ಎಂದಳು.

ಮೇಡಂ ಪೆನ್ನು ತೆಗೆಯಲಿಲ್ಲ. ತೆಗೆಯಬೇಕಾಗಿರಲೂ ಇಲ್ಲ. ‘ಮನೆಯವರ ಅಭಿಪ್ರಾಯ’ ಎಂಬಲ್ಲಿ ನಿನ್ನೆಯೇ ಬರೆದಿತ್ತು: ತುಂಬಾ ಸಂತೋಷವಾಗಿದ್ದಾರೆ.

ಕಾರು ಹೋಯಿತು. ಕೂತು ಸಾಕಾಗಿದ್ದ ನಾಯಿ ಎದ್ದು ನಿಂತಿತು. ಹೊಟ್ಟೆ ನೆಲಕ್ಕೆ ತಾಗುವಂತಿತ್ತು. “ಇನ್ನೊಂದು ವಾರಕ್ಕೆ ಮರಿ ಹಾಕ್ಬೌದಣ್ಣ,” ಎಂದು ಗಂಗರಾಜು ಅಂಗಡಿ ಕಡೆ ಬೇಗಬೇಗ ನಡೆದ. ಓಬಳಮ್ಮ ಬಕೆಟ್ ಎತ್ತಿಕೊಂಡು, “ಉಳಿಸಿದ್ನಲ್ಲಪ್ಪಾ ನಿನ್ನ,” ಎಂದು ಹೊರಟಳು.

ಮುನೇಶ ಆಸ್ಪತ್ರೆಗೆ ಹೋಗಲು ಚಪ್ಪಲಿ ಮೆಟ್ಟುತ್ತಿದ್ದಾಗ ಮೊಬೈಲಿನಲ್ಲಿ ಮೇಡಂ ದನಿ ಬಂತು. ಮತ್ತೆ ‘ಅವ್ರೇ’ ಸೇರಿಕೊಂಡಿತ್ತು.

“ಮುನೇಶ್ ಅವ್ರೇ, ನಿಮ್ಮನ್ನ ಈ ತಿಂಗಳ ಆದರ್ಶ ಪಾಲಕ ಅಂತ ಹಾಕಿದ್ದೀನಿ. ಹೊಸಬರಿಗೆ ಸಲಹೆ ಕೊಡೋದು ಇನ್ಮೇಲೆ ನಿಮ್ಮ ಜವಾಬ್ದಾರಿ. ಚಿಂತಾಮಣಿಯವರು ನಿಮಗೆ ಫೋನ್ ಮಾಡ್ತಾರೆ. ರಾಕಿ ಏನೂ ತಿಂತಿಲ್ವಂತೆ. ಯಾವಾಗ್ಲೂ ಬಾಗಿಲ ಕಡೇನೇ ನೋಡ್ತಾ ಮಲಗಿರುತ್ತಂತೆ. ಹಳೇ ಮನೆ ಮರೆಸೋದು ಹೆಂಗೆ ಅಂತ ಸ್ವಲ್ಪ ಹೇಳಿಕೊಡಿ.”

ಮುನೇಶ ಒಳಗೆ ನೋಡಿದ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆ ಕಡೆಯಿಂದಲೇ, ಗೋಡೆಗೆ ಹೇಳುವ ಹಾಗೆ, ಮಾತು ಬಂತು.

“ಬಿಸಿ ಮುದ್ದೆ ತಿನ್ನಲ್ಲ ಅವನು. ಆರಿಸಿ ಕೊಡಕ್ಕೇಳು.”